ಇಲಿಗೊಂದು ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ನಾನು ಎರಡನ್ನೂ ಮಾಡಿ ನೋಡಿದವನು. ಮಗಳ ಮದುವೆ ಮಾಡಿದೆ. ನಿವೃತ್ತಿಗೆ ಮೊದಲು ಸಾಲಸೋಲ ಮಾಡಿ ಪುಟ್ಟದೊಂದು ಮನೆಯನ್ನೂ ಕಟ್ಟಿಸಿದೆ. ಎರಡರ ಕಷ್ಟವೂ ಕಳೆಯಿತೆಂದು ಹಾಯಾಗಿದ್ದ ಕಾಲದಲ್ಲಿ ಮೂರನೆಯದೊಂದು ಕೆಲಸ ನನ್ನ ಪಾಲಿಗೆ ಬಂದಿತು. ಅದು ಎರಡು ಇಲಿಗಳಿಗೆ ಮನೆ ಮಾಡಿಕೊಡುವ ಕೆಲಸ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿದವನಿಗೆ ಇದೇನು ದೊಡ್ಡ ಕೆಲಸ ಎಂದು ನಿಮಗನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆ ಎಣಿಕೆ ಎಷ್ಟು ತಪ್ಪಾಗಿತ್ತೆಂಬುದನ್ನೂ ಆ ತಪ್ಪಿನಿಂದ ನಾನು ಕಲಿತದ್ದೇನೆಂಬುದನ್ನೂ ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಇಲಿ ಎಂದೆನಷ್ಟೆ. ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಓಡಾಡುವ ಇಲಿಯಲ್ಲ ಅದು. ಅದರ ಹೆಸರು ಜರ್ಬಿಲ್. ಮೈ ಸುಮಾರು 10–12 ಸೆಂಟಿಮೀಟರ್ ಉದ್ದ. ಬಾಲವೂ ಹೆಚ್ಚು ಕಡಿಮೆ ಅಷ್ಟೇ ಉದ್ದ. ಆದರೆ ಬಾಲ ಬೋಳಲ್ಲ. ಅದರ ಮೈಮೇಲೆಲ್ಲ ಕೂದಲು, ತುದಿಯಲ್ಲೊಂದು ಕುಚ್ಚು. ಮರಳಿನ ಬಣ್ಣದ ಬೆನ್ನು, ಬೆಳ್ಳನೆಯ ಹೊಟ್ಟೆ, ಕಪ್ಪು ಮಣಿಯಂಥ ದೊಡ್ಡ ಕಣ್ಣು. ಹಿಂಗಾಲ ಮೇಲೆ ಎದ್ದು ನಿಂತು, ಮುಂಗಾಲುಗಳನ್ನು ಎದೆಯ ಮೇಲೆ ಮಡಚಿಕೊಂಡು ನೋಡುವಾಗ, ಕಚೇರಿಯ ಹೊರಗೆ ಅರ್ಜಿ ಹಿಡಿದು ನಿಂತ ಬಡವನಂತೆ ಕಾಣುತ್ತದೆ. ಅಪಾಯದ ಸುಳಿವು ಸಿಕ್ಕಿತೆಂದರೆ ಹಿಂಗಾಲಿನಿಂದ ನೆಲವನ್ನು ದಡದಡನೆ ಬಡಿದು ತನ್ನವರನ್ನು ಎಚ್ಚರಿಸುತ್ತದೆ.

ಇದರ ಶಾಸ್ತ್ರೀಯ ನಾಮ ಮೆರಿಯೊನೀಸ್ ಉಂಗ್ವಿಕುಲೇಟಸ್. ಹೋಮರನ ಮಹಾಕಾವ್ಯವನ್ನು ಬಲ್ಲವರಿಗೆ ಮೆರಿಯೊನೀಸ್ ಎಂಬ ವೀರ ನೆನಪಿರಬಹುದು. ಕ್ರೀಟ್ ದ್ವೀಪದಿಂದ ಟ್ರಾಯ್ ಯುದ್ಧಕ್ಕೆ ಬಂದವನು, ಕಾಡುಹಂದಿಯ ಕೋರೆಗಳಿಂದ ಮಾಡಿದ ಶಿರಸ್ತ್ರಾಣವನ್ನು ಒಡಿಸ್ಯೂಸನಿಗೆ ತೊಡಿಸಿದವನು. ಅವನ ಹೆಸರು ಈ ಪುಟ್ಟ ಜೀವಿಗಳ ಕುಲಕ್ಕೆ ಅಂಟಿಕೊಂಡಿತು. ಎರಡನೆಯ ಪದಕ್ಕೆ ಉಗುರುಳ್ಳದ್ದು ಎಂದು ಅರ್ಥ. ಇಲಿಗೂ ಇಲಿಯಡ್‌ಗೂ ಇಷ್ಟು ನಂಟಿದೆಯೆಂಬುದು ನನಗೆ ಮುದಿ ವಯಸ್ಸಿನಲ್ಲಿ ತಿಳಿದುಬಂತು. ಶಿರಸ್ತ್ರಾಣದ ವಿಷಯ ಹಾಗಿರಲಿ, ಆ ಉಗುರನ್ನು ಮಾತ್ರ ನೀವು ಮರೆಯಬಾರದು. ನನ್ನ ಕಥೆಯೆಲ್ಲ ಆ ಉಗುರಿನದೇ.

ಇದರ ತೌರು ಮಂಗೋಲಿಯಾ ಮತ್ತು ಅದರ ನೆರೆಯ ಉತ್ತರ ಚೀನಾದ ಒಣ ಹುಲ್ಲುಗಾವಲು. 1866ರಲ್ಲಿ ಅರ್ಮಾನ್ ಡೇವಿಡ್ ಎಂಬ ಫ್ರೆಂಚ್ ಪಾದ್ರಿ ಅಲ್ಲಿಂದ ಕೆಲವು ಮಾದರಿಗಳನ್ನು ಪ್ಯಾರಿಸ್ಸಿಗೆ ಕಳುಹಿಸಿದರು. ಮರುವರ್ಷ ಮಿಲ್ನ್ ಎಡ್ವರ್ಡ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು ಅದಕ್ಕೆ ಹೆಸರಿಟ್ಟರು. 1935ರಲ್ಲಿ ಜಪಾನಿನ ಸಂಶೋಧಕರು ಅಮೂರ್ ನದಿಯ ಜಲಾನಯನದಲ್ಲಿ 20 ಜೊತೆಗಳನ್ನು ಹಿಡಿದು ತಂದು ಸಾಕಿದರು. ಆ ಸಂತತಿಯ 11 ಜೊತೆಗಳು 1954ರಲ್ಲಿ ಅಮೆರಿಕವನ್ನು ಸೇರಿದವು. ಅಲ್ಲಿಂದ 1964ರಲ್ಲಿ ಬ್ರಿಟನ್ನಿಗೆ ಹೋದವು. ಬಂದದ್ದು ಪ್ರಯೋಗಶಾಲೆಗೆಂದು, ಸಾಧು ಸ್ವಭಾವದಿಂದಾಗಿ ಮಕ್ಕಳ ಮನೆಗಳನ್ನು ಹೊಕ್ಕವು. ಇಂದು ಪಶ್ಚಿಮದ ಮನೆಗಳಲ್ಲಿ ಸಾಕುವ ಜರ್ಬಿಲ್‌ಗಳೆಲ್ಲ ಬಹುಮಟ್ಟಿಗೆ ಆ 20 ಜೊತೆಗಳ ವಂಶಜರೇ. ಎಷ್ಟೋ ತಲೆಮಾರುಗಳಿಂದ ಅವು ಹುಲ್ಲುಗಾವಲನ್ನು ಕಂಡಿಲ್ಲ, ಬಿಲವನ್ನು ಕಂಡಿಲ್ಲ. ಹಾಗಿದ್ದ ಮೇಲೆ ಅವು ಬಿಲವನ್ನು ಮರೆತಿರಬೇಕಲ್ಲವೆ? ನಾನು ಹಾಗೆಂದೇ ನಂಬಿದ್ದೆ.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಮಗಳ ಮನೆಗೆ ಹೋಗಿ ಒಂದು ಚಳಿಗಾಲ ಇದ್ದೆ. ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ಹುಟ್ಟುಹಬ್ಬಕ್ಕೆ ಅವಳು ಬೇಡಿದ್ದು ಒಂದು ಜೊತೆ ಜರ್ಬಿಲ್. ಅಳಿಯ ನನ್ನತ್ತ ತಿರುಗಿ, “ಮಾವ, ನೀವು ಪ್ರಾಣಿಶಾಸ್ತ್ರದವರು. ಪಂಜರವನ್ನು ನೀವೇ ಆರಿಸಿಬಿಡಿ” ಎಂದರು. ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದ ಪಂಜರಗಳಲ್ಲಿ ನಾನು ಆರಿಸಿದ್ದು ಎಲ್ಲಕ್ಕಿಂತ ಅಂದವಾದದ್ದನ್ನು. ಸುತ್ತ ತೆಳುವಾದ ತಂತಿಯ ಸರಳು, ಕೆಳಗೆ ಮೂರು ಬೆರಳು ಆಳದ ತಟ್ಟೆ, ಮೇಲೆ ಎರಡು ಉಪ್ಪರಿಗೆ, ಹತ್ತಲು ಏಣಿ, ಕೆಂಪು ಹಳದಿ ಪ್ಲಾಸ್ಟಿಕ್ಕಿನ ಕೊಳವೆ. ಗಾಳಿಯುಂಟು, ಬೆಳಕುಂಟು. ಮನುಷ್ಯನ ಮನೆಗೆ ಬೇಕಾದ ಲಕ್ಷಣಗಳೆಲ್ಲ ಅದರಲ್ಲಿದ್ದವು. ದೋಷವಿದ್ದುದು ಅದರಲ್ಲಿಯೇ.

ಮೊದಲ ವಾರದಲ್ಲೇ ತಟ್ಟೆಯಲ್ಲಿ ಹಾಸಿದ್ದ ಮರದ ಹೊಟ್ಟೆಲ್ಲ ಸರಳಿನ ಸಂದಿಯಿಂದ ಹೊರಕ್ಕೆ ಚೆಲ್ಲಿ ನೆಲದ ತುಂಬ ಹರಡಿತು. ಪ್ಲಾಸ್ಟಿಕ್ಕಿನ ಕೊಳವೆಗಳು ಚೂರುಚೂರಾದವು. ದಂಶಕಗಳ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಸವೆಯಿಸದೆ ಅವಕ್ಕೆ ಗತಿಯಿಲ್ಲ ಎಂದು ವರ್ಷವರ್ಷವೂ ಹುಡುಗರಿಗೆ ಹೇಳಿಕೊಟ್ಟವನು ನಾನೇ. ಅಂಗಡಿಯಲ್ಲಿ ಮಾತ್ರ ಆ ಪಾಠ ನೆನಪಾಗಲಿಲ್ಲ.

ಇದಾದರೂ ಸಣ್ಣ ಮಾತು. ಪಂಜರವನ್ನಿಟ್ಟದ್ದು ನಾನು ಮಲಗುವ ಕೋಣೆಯಲ್ಲಿ. ಜರ್ಬಿಲ್ ಪೂರ್ತಿ ನಿಶಾಚರಿಯಲ್ಲ, ಪೂರ್ತಿ ದಿವಾಚರಿಯೂ ಅಲ್ಲ. ಒಂದಿಷ್ಟು ನಿದ್ದೆ, ಒಂದಿಷ್ಟು ಓಡಾಟ, ಹೀಗೆ ಹಗಲಿರುಳು ಸರದಿಯಲ್ಲಿ ಕಳೆಯುತ್ತದೆ. ರಾತ್ರಿ ಎಚ್ಚರವಾದಾಗಲೆಲ್ಲ ನನಗೆ ಕೇಳುತ್ತಿದ್ದುದು ಒಂದೇ ಸದ್ದು: ಕರಕರ, ಕರಕರ. ಎರಡರಲ್ಲೊಂದು ತಟ್ಟೆಯ ಒಂದು ಮೂಲೆಯಲ್ಲಿ ನಿಂತು, ಬರಿಯ ಪ್ಲಾಸ್ಟಿಕ್ಕನ್ನು ಮುಂಗಾಲುಗಳಿಂದ ಕೆದಕುತ್ತಿತ್ತು. ಅಲ್ಲಿ ಅಗೆಯುವುದಕ್ಕೆ ಏನೂ ಇರಲಿಲ್ಲ. ಆದರೂ ಅದೇ ಮೂಲೆ, ಅದೇ ವೇಗ, ಅದೇ ಭಂಗಿ. ‘ಬೆಟ್ಟ ಅಗೆದು ಇಲಿ ಹಿಡಿದರು’ ಎಂದು ನಾವು ನಗುತ್ತೇವೆ. ಇಲ್ಲಿ ಇಲಿಯೇ ಅಗೆಯುತ್ತಿತ್ತು. ಬೆಟ್ಟವಂತೂ ಇರಲೇ ಇಲ್ಲ.

“ಅಜ್ಜ, ಅದು ಆಟ ಆಡ್ತಾ ಇದೆಯಾ?” ಎಂದು ಮೊಮ್ಮಗಳು ಕೇಳಿದಳು. “ಹೌದಮ್ಮ” ಎಂದೆ. ಹಾಗೆ ಹೇಳುವಾಗ ನನಗೇ ಅದು ನಂಬಿಕೆಯ ಮಾತಾಗಿರಲಿಲ್ಲ. ಮೃಗಾಲಯದ ಬೋನಿನಲ್ಲಿ ಹುಲಿಯೊಂದು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ನಡೆದದ್ದನ್ನು ನೀವೂ ನೋಡಿರಬಹುದು. ಬಂಧನದಲ್ಲಿರುವ ಪ್ರಾಣಿ ಗುರಿಯಿಲ್ಲದ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದಕ್ಕೆ ವಿಜ್ಞಾನಿಗಳು ಸ್ಟೀರಿಯೊಟಿಪಿ ಎನ್ನುತ್ತಾರೆ. ನಾವು ಗೀಳುಚೇಷ್ಟೆ ಎನ್ನೋಣ. ಅದು ಆಟವಲ್ಲ. ಬದುಕಿನಲ್ಲಿ ಬೇಕಾದುದೊಂದು ಸಿಕ್ಕಿಲ್ಲವೆಂಬುದರ ಗುರುತು.

ಏನು ಸಿಕ್ಕಿಲ್ಲ? ಉತ್ತರ ಸುಲಭವೆಂದುಕೊಂಡೆ. ಅದು ಅಗೆಯುವ ಪ್ರಾಣಿ, ಅಗೆಯಲು ಏನಾದರೂ ಕೊಟ್ಟರೆ ಸರಿಹೋದೀತು. ಅಗಲವಾದ ಡಬ್ಬಿಯಲ್ಲಿ ಒಣ ಮರಳು ತುಂಬಿಟ್ಟೆ. ಅದು ಮರಳಿಗೆ ಇಳಿದು ಹೊರಳಾಡಿತು, ಕೆದಕಿತು, ಸಂತೋಷಪಟ್ಟಿತು. ಮತ್ತೆ ಹೊರಬಂದು ತನ್ನ ಮೂಲೆಗೆ ಹೋಗಿ ನಿಂತಿತು. ಕರಕರ, ಕರಕರ.

ಆಗ ಅಳಿಯನ ನೆರವಿನಿಂದ ಈ ವಿಷಯದಲ್ಲಿ ಆಗಿರುವ ಸಂಶೋಧನೆಗಳನ್ನು ಹುಡುಕಿ ಓದಿದೆ. ಕ್ರಿಸ್ಟೋಫ್ ವೀಡೆನ್‌ಮೈಯರ್ ಎಂಬುವರು 1997ರಲ್ಲಿ ಪ್ರಕಟಿಸಿದ ಲೇಖನವೊಂದು ನನ್ನ ಕಣ್ಣು ತೆರೆಸಿತು. ಅವರು ಎತ್ತಿಕೊಂಡದ್ದು ಇದೇ ಪ್ರಶ್ನೆಯನ್ನು: ಪಂಜರದಲ್ಲಿ ಬೆಳೆಯುವ ಜರ್ಬಿಲ್ ಮೂಲೆಯನ್ನು ಕೆದಕುವುದೇಕೆ? ಅಗೆಯುವ ಕ್ರಿಯೆಗೇ ಅದು ಹಾತೊರೆಯುತ್ತಿದೆಯೋ, ಅಥವಾ ಅಗೆತದ ಫಲಕ್ಕೋ? ಕೆಲವು ಮರಿಗಳಿಗೆ ಒಣ ಮರಳನ್ನು ಕೊಟ್ಟರು. ಅಲ್ಲಿ ಬೇಕಾದಷ್ಟು ಅಗೆಯಬಹುದು. ಆದರೆ ಒಣ ಮರಳಿನಲ್ಲಿ ಸುರಂಗ ನಿಲ್ಲುವುದಿಲ್ಲ, ಅಗೆದಷ್ಟೂ ಕುಸಿಯುತ್ತದೆ. ಇನ್ನು ಕೆಲವಕ್ಕೆ ಮೊದಲೇ ಸಿದ್ಧಪಡಿಸಿದ ಬಿಲವನ್ನು ಕೊಟ್ಟರು. ಮರಳಿದ್ದ ಮರಿಗಳು ಅಗೆಯಲು ಅವಕಾಶವಿದ್ದೂ ಗೀಳು ಹತ್ತಿಸಿಕೊಂಡವು. ಬಿಲವಿದ್ದ ಮರಿಗಳಿಗೆ ಗೀಳು ಹತ್ತಲಿಲ್ಲ.

ಇದರ ಅರ್ಥವನ್ನು ಕೊಂಚ ವಿಚಾರಿಸಿ ನೋಡಿ. ಜರ್ಬಿಲ್‌ಗೆ ಬೇಕಾದುದು ಅಗೆಯುವ ಸುಖವಲ್ಲ. ಅಗೆದು ಸೇರಬೇಕಾದ ಜಾಗ. ಬಯಲಿನಿಂದ ಒಂದು ಇಕ್ಕಟ್ಟಾದ ದಾರಿಯನ್ನು ಹೊಕ್ಕು, ಅದರ ಕೊನೆಯಲ್ಲಿ ಕತ್ತಲೆಯ ಗೂಡೊಂದನ್ನು ಮುಟ್ಟಿದಾಗ ಮಾತ್ರ ಅದರ ಮೆದುಳು ‘ಸಾಕು, ಮನೆ ಬಂತು’ ಎನ್ನುತ್ತದೆ. ಆ ಅಪ್ಪಣೆ ಬರುವವರೆಗೂ ಕಾಲು ನಿಲ್ಲದು. ನನ್ನ ಕೋಣೆಯಲ್ಲಿದ್ದ ಆ ಬಡಜೀವಿ ರಾತ್ರಿಯೆಲ್ಲ ಮಾಡುತ್ತಿದ್ದುದು ಮನೆಗೆ ಹೋಗುವ ಪ್ರಯತ್ನ. ದಾರಿ ಆರಂಭವಾಗುವ ಮೊದಲೇ ಪ್ಲಾಸ್ಟಿಕ್ಕು ಅಡ್ಡ ಬರುತ್ತಿತ್ತು.

ಅವು ಹುಟ್ಟಿಬಂದ ನೆಲವನ್ನು ನೆನೆದರೆ ಇದು ಆಶ್ಚರ್ಯವಲ್ಲ. ಮಂಗೋಲಿಯಾದ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30–40 ಡಿಗ್ರಿ ಕೆಳಗಿಳಿಯುವುದುಂಟು. ಬೇಸಿಗೆಯಲ್ಲಿ 35 ಡಿಗ್ರಿ ದಾಟುವುದುಂಟು. ಮರದ ನೆರಳಿಲ್ಲ, ಬಂಡೆಯ ಮರೆಯಿಲ್ಲ, ಮೇಲೆ ಹದ್ದು ಗಿಡುಗಗಳ ಹಾರಾಟ. ಅಂಥ ಕಡೆ ಬದುಕೆಂದರೆ ನೆಲದಡಿಯ ಬದುಕೇ. ಒಂದು ಕುಟುಂಬ ಒಟ್ಟಾಗಿ ಬಿಲ ತೋಡುತ್ತದೆ. ಹಲವು ಬಾಯಿಗಳು, ಕವಲೊಡೆದ ಸುರಂಗಗಳು, ಹುಲ್ಲು ಹಾಸಿದ ಗೂಡು, ಚಳಿಗಾಲಕ್ಕೆ ಬೀಜ ಕೂಡಿಡುವ ಕಣಜ. ಸಾವಿರಾರು ವರ್ಷ ಹೀಗೆ ಬದುಕಿದ ಕುಲ, ಕೆಲವು ದಶಕಗಳ ಪಂಜರವಾಸದಲ್ಲಿ ಇದನ್ನು ಮರೆಯುವುದು ಹೇಗೆ?

ಇನ್ನು ಮನೆಯ ಮಾತಿಗೆ ಬರೋಣ. ತಂತಿಯ ಪಂಜರವನ್ನು ಬಿಟ್ಟು ನಾವು ಗಾಜಿನ ತೊಟ್ಟಿಯನ್ನು ತಂದೆವು. ಮೀನು ಸಾಕುವಂಥದ್ದೇ, ನೀರಿಲ್ಲದೆ. ಒಂದು ಜೊತೆಗೆ ಸುಮಾರು 100 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರವಿದ್ದರೆ ಒಳ್ಳೆಯದು. ಗಾಜನ್ನು ಹಲ್ಲಿನಿಂದ ಕಡಿಯಲಾಗದು. ಹಾಸು ಹೊರಗೆ ಚೆಲ್ಲದು. ಸರಳನ್ನು ಕಚ್ಚಿ ಕಚ್ಚಿ ಮೂತಿಯ ಕೂದಲು ಉದುರುವ ಭಯವಿಲ್ಲ. ಮೇಲೆ ಗಾಳಿಯಾಡುವಂತೆ ತಂತಿ ಬಲೆಯ ಮುಚ್ಚಳ ಬೇಕು, ಅದು ಭದ್ರವಾಗಿರಬೇಕು. ಜರ್ಬಿಲ್ ನೆಗೆಯುವುದರಲ್ಲಿ ನಿಪುಣ. ಗಾಜಿಗಿರುವ ದೋಷವೊಂದೇ: ಬಿಸಿಲು ಬಿದ್ದರೆ ಒಳಗೆ ಒಲೆಯಾಗುತ್ತದೆ. ಆದ್ದರಿಂದ ಕಿಟಕಿಯ ಹತ್ತಿರ ಇಡಕೂಡದು.

ತೊಟ್ಟಿಗಿಂತ ಮುಖ್ಯವಾದುದು ಅದರೊಳಗಿನ ಹಾಸು. ಒಂದು ಗೇಣಿಗೆ ಕಡಿಮೆಯಿಲ್ಲದಂತೆ ತುಂಬಬೇಕು. ಒಂದೂವರೆ ಗೇಣಾದರೆ ಇನ್ನೂ ಮೇಲು. ಬರಿಯ ಹೊಟ್ಟು ತುಂಬಿದರೆ ಒಣ ಮರಳಿನ ಕಥೆಯೇ ಆಗುತ್ತದೆ, ಸುರಂಗ ಕುಸಿಯುತ್ತದೆ. ಕಾಗದದಿಂದ ಮಾಡಿದ ಹಾಸು, ಒಣಹುಲ್ಲು, ಹರಿದ ರಟ್ಟಿನ ಚೂರು, ಇವನ್ನು ಪದರಪದರವಾಗಿ ಹಾಕಿ ಅಂಗೈಯಿಂದ ಒತ್ತಬೇಕು. ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದ ನಮ್ಮ ಹಿರಿಯರಿಗೆ ಈ ಗುಟ್ಟನ್ನು ಹೇಳಿಕೊಡಬೇಕಾಗಿರಲಿಲ್ಲ. ಘಾಟು ವಾಸನೆಯ ದೇವದಾರು ಜಾತಿಯ ಮರದ ಹೊಟ್ಟು ಕೂಡದು, ಅದು ಉಸಿರಿಗೆ ಕೆಟ್ಟದ್ದು. ಹತ್ತಿಯಂತೆ ನಯವಾದ ಎಳೆಗಳ ಹಾಸನ್ನೂ ಅಂಗಡಿಗಳಲ್ಲಿ ಮಾರುತ್ತಾರೆ. ನೋಡಲು ಮೆತ್ತಗಿದ್ದರೂ ಅದರ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಕರುಳನ್ನು ಕಟ್ಟುತ್ತದೆ.

ಈ ಹಾಸಿನೊಳಗೆ ಸಿದ್ಧವಾದ ಬಿಲವೊಂದನ್ನು ಹೂಳಿದೆವು. ಮರದ ಪುಟ್ಟ ಪೆಟ್ಟಿಗೆ, ಬೆಳಕು ತೂರದಂಥದ್ದು. ಅದಕ್ಕೆ ಹೊಂದಿಸಿದ ಬಾಗಿದ ಕೊಳವೆಯೊಂದು, ಅದರ ಬಾಯಿ ಮಾತ್ರ ಮೇಲಕ್ಕೆ. ಪೆಟ್ಟಿಗೆಯಷ್ಟೇ ಸಾಲದು, ಅದನ್ನು ತಲುಪುವ ದಾರಿಯೂ ಇರಬೇಕೆಂಬುದನ್ನು ನಾನು ಆಗಲೇ ಓದಿ ತಿಳಿದಿದ್ದೆ. ಪೆಟ್ಟಿಗೆಯನ್ನು ತೊಟ್ಟಿಯ ತಳದ ಮೇಲೆಯೇ ಊರಿದೆವು. ಭಾರದ ವಸ್ತುವನ್ನು ಹಾಸಿನ ಮೇಲೆ ಇಟ್ಟರೆ, ಪ್ರಾಣಿ ಕೆಳಗೆ ಸುರಂಗ ತೋಡಿದಾಗ ಅದು ಕುಸಿದು ಅದರ ಮೇಲೆಯೇ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ಸಾವು ಸಂಭವಿಸುತ್ತದೆ.

ಉಳಿದ ಸಾಮಗ್ರಿ ಹೆಚ್ಚೇನಿಲ್ಲ. ನೀರಿನ ಸೀಸೆಯೊಂದು, ಮೈಯ ಜಿಡ್ಡು ಕಳೆದುಕೊಳ್ಳಲು ಮರಳಿನ ಬಟ್ಟಲೊಂದು. ಒಣಹವೆಯ ಪ್ರಾಣಿಯಾದ್ದರಿಂದ ತೇವ ಹೆಚ್ಚಾದರೆ ಅದರ ರೋಮವೆಲ್ಲ ಎಣ್ಣೆ ಹಚ್ಚಿದಂತೆ ಅಂಟಿಕೊಳ್ಳುತ್ತದೆ. ನಮ್ಮ ಕರಾವಳಿಯ ಹವೆ ಅದಕ್ಕೆ ಹೇಳಿಸಿದ್ದಲ್ಲ. ಓಡುವ ಚಕ್ರ ಇಡುವುದಾದರೆ ಹಲಗೆ ತುಂಬಿದ್ದಿರಬೇಕು, ಸರಳಿನದಾಗಿರಬಾರದು. ಸಂದಿಯಲ್ಲಿ ಬಾಲ ಸಿಕ್ಕಿಕೊಂಡರೆ ಅದರ ಚರ್ಮವೇ ಸುಲಿದುಬರುತ್ತದೆ. ಅದೇ ಕಾರಣದಿಂದ ಬಾಲ ಹಿಡಿದು ಎತ್ತಲೂಬಾರದು. ನಮಗೆ ಕೇಳಿಸದ ಅತಿಸೂಕ್ಷ್ಮ ಸ್ವರಗಳು ಅದಕ್ಕೆ ಕೇಳಿಸುತ್ತವೆ. ಆದಕಾರಣ ದೂರದರ್ಶನದ ಪೆಟ್ಟಿಗೆಯ ಪಕ್ಕದಲ್ಲಿ ತೊಟ್ಟಿಯನ್ನಿಟ್ಟು, ಮನೆ ನಿಶ್ಶಬ್ದವಾಗಿದೆ ಎಂದು ನಾವು ತಿಳಿದರೆ ತಪ್ಪಾದೀತು.

ಒಂಟಿಯಾಗಿ ಸಾಕುವುದು ಸರಿಯಲ್ಲ. ಅದು ಕುಟುಂಬದ ಪ್ರಾಣಿ. ಒಡಹುಟ್ಟಿದ ಎರಡು ಹೆಣ್ಣೋ ಎರಡು ಗಂಡೋ ಆದರೆ ಉತ್ತಮ. ಆದರೆ ಬೆಳೆದ ಅಪರಿಚಿತ ಜರ್ಬಿಲ್ ಒಂದನ್ನು ಇನ್ನೊಂದರ ಮನೆಗೆ ಒಮ್ಮೆಲೇ ಬಿಟ್ಟರೆ ಸಾಯುವವರೆಗೂ ಕಾದಾಡುತ್ತವೆ. ನಡುವೆ ತಂತಿಯ ಜಾಲರಿ ಇಟ್ಟು, ಪಕ್ಕಗಳನ್ನು ಅದಲುಬದಲು ಮಾಡುತ್ತ, ಒಂದರ ವಾಸನೆಗೆ ಇನ್ನೊಂದನ್ನು ಒಗ್ಗಿಸಬೇಕು. ವಾಸನೆಯೇ ಅವಕ್ಕೆ ಊರು, ಬಂಧು, ಗುರುತು. ಹೊಟ್ಟೆಯ ಮೇಲಿನ ಗ್ರಂಥಿಯೊಂದನ್ನು ಅಲ್ಲಲ್ಲಿ ಉಜ್ಜಿ ಅವು ತಮ್ಮ ಮನೆಯನ್ನು ತಮ್ಮದೆಂದು ಮಾಡಿಕೊಳ್ಳುತ್ತವೆ. ಶುಚಿತ್ವದ ಹುರುಪಿನಲ್ಲಿ ಹಾಸನ್ನೆಲ್ಲ ಒಮ್ಮೆಗೇ ಬದಲಿಸಿದರೆ, ನಾವು ಅವುಗಳ ಮನೆಯನ್ನು ಕಿತ್ತು ಎಸೆದಂತೆ. ಮೂತ್ರ ಕಡಿಮೆ, ವಾಸನೆಯೂ ಕಡಿಮೆ. ಆಗಾಗ ಸ್ವಲ್ಪ ಸ್ವಲ್ಪವೇ ತೆಗೆದು, ಹಳೆಯದರಲ್ಲಿ ಒಂದು ಪಾಲನ್ನು ಉಳಿಸಿಕೊಂಡು ಹೊಸದನ್ನು ಬೆರೆಸಬೇಕು.

ಹೊಸ ಮನೆಗೆ ಬಿಟ್ಟ ದಿನ ಎರಡೂ ಕೊಳವೆಯ ಬಾಯನ್ನು ಮೂಸಿದವು, ಒಳಹೊಕ್ಕವು, ಕಾಣೆಯಾದವು. ಮೊಮ್ಮಗಳಿಗೆ ಅಳು ಬಂತು. “ಅಜ್ಜ, ಈಗ ಅವು ಕಾಣಿಸೋದೇ ಇಲ್ವಲ್ಲ!” ಎಂದಳು. ಅಂದದ ಪಂಜರವನ್ನು ನಾನು ಏಕೆ ಆರಿಸಿದೆನೆಂಬುದು ಅವಳ ಮಾತಿನಿಂದ ನನಗೆ ಹೊಳೆಯಿತು. ಅದು ನಮ್ಮ ಕಣ್ಣಿಗಾಗಿ ಮಾಡಿದ ಮನೆ. ಇದು ಅವುಗಳಿಗಾಗಿ ಮಾಡಿದ್ದು. ಆದ್ದರಿಂದಲೇ ಇದರಲ್ಲಿ ಅವು ಕಾಣಿಸುವುದಿಲ್ಲ. ಅವಳಿಗೆ ಇಷ್ಟನ್ನು ಹೇಳಿದೆ: “ಅವಕ್ಕೆ ಬೇಕಾದಾಗ ಹೊರಗೆ ಬರುತ್ತವಮ್ಮ.” ಮರುದಿನ ಬೆಳಗ್ಗೆ ಬಂದವು. ಕೆಲವೇ ದಿನಗಳಲ್ಲಿ ಗಾಜಿನಂಚಿನಲ್ಲಿ ಸುರಂಗಗಳ ನಕ್ಷೆಯೇ ಮೂಡಿತು; ಅವಳು ಅದನ್ನು ದಿನದಿನವೂ ಪುಸ್ತಕದಲ್ಲಿ ಬರೆದಿಡತೊಡಗಿದಳು.

ಕಥೆ ಇಲ್ಲಿಗೆ ಸುಖಾಂತವಾಯಿತೆಂದು ಹೇಳಿದರೆ ಸುಳ್ಳಾದೀತು. ಎರಡರಲ್ಲೊಂದು ಪೂರ್ತಿಯಾಗಿ ನೆಮ್ಮದಿ ಕಂಡಿತು. ಮೂಲೆ ಕೆದಕುತ್ತಿದ್ದ ಇನ್ನೊಂದು, ಬಿಲವಿದ್ದೂ ಸುರಂಗವಿದ್ದೂ, ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಗಾಜಿನ ಮೂಲೆಯಲ್ಲಿ ನಿಂತು ಕೆದಕುವುದನ್ನು ಬಿಡಲಿಲ್ಲ. ಎಳವೆಯಲ್ಲಿ ಹತ್ತಿದ ಗೀಳು ಕಾರಣ ಕಳೆದ ಮೇಲೂ ಉಳಿಯುವುದು ಸಾಮಾನ್ಯ. ಅದು ಎಲ್ಲಿ ಹುಟ್ಟಿ ಹೇಗೆ ಬೆಳೆದಿತ್ತೋ, ನಮಗೆ ಬರುವ ಮೊದಲೇ ಹತ್ತಿತ್ತೋ, ನಾನು ಆರಿಸಿದ ಪಂಜರದಲ್ಲಿಯೇ ಹತ್ತಿತೋ ಹೇಳಲಾರೆ. ಜರ್ಬಿಲ್‌ನ ಆಯುಷ್ಯ ಮೂರು ನಾಲ್ಕು ವರ್ಷ. ಅದರಲ್ಲಿ ನನ್ನ ತಪ್ಪು ತಿಂದದ್ದು ಎರಡು ತಿಂಗಳು. ನಮ್ಮ ಲೆಕ್ಕದಲ್ಲಿ ಅದು ಎಷ್ಟು ವರ್ಷವಾದೀತೆಂದು ರಾತ್ರಿ ಒಮ್ಮೆ ಲೆಕ್ಕ ಹಾಕಿದೆ. ಮತ್ತೆ ಹಾಕಲು ಮನಸ್ಸಾಗಲಿಲ್ಲ.

ಊರಿಗೆ ಮರಳಿದ ಮೇಲೆ ಇನ್ನೊಂದು ಸಂಗತಿ ನೆನಪಾಯಿತು. ಜರ್ಬಿಲ್ ನಮಗೆ ಪರಕೀಯವಲ್ಲ. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಅದರ ಬಳಗದ್ದೇ ಒಂದು ಪ್ರಾಣಿಯಿದೆ. ಟಟೇರಾ ಇಂಡಿಕಾ ಎಂದು ಅದರ ಶಾಸ್ತ್ರೀಯ ನಾಮ. ಮಂಗೋಲಿಯಾದ ನೆಂಟನಿಗಿಂತ ದೊಡ್ಡದು, ಇರುಳಿನಲ್ಲಿ ಸಂಚರಿಸುವಂಥದ್ದು, ಅದೇ ಬಿಳಿಯ ಹೊಟ್ಟೆ, ಅದೇ ಕುಚ್ಚಿನ ಬಾಲ. ಹಳೆಯ ಇಂಗ್ಲಿಷ್ ಪ್ರಾಣಿಗ್ರಂಥಗಳಲ್ಲಿ ಇದರ ಕನ್ನಡದ ಹೆಸರನ್ನು ‘ಬಿಲ ಇಲಿ’ ಎಂದು ಬರೆದಿಟ್ಟಿದ್ದಾರೆ. ಹೆಸರಿಟ್ಟ ನಮ್ಮ ರೈತನ ಜಾಣ್ಮೆಯನ್ನು ನೋಡಿ: ಬಣ್ಣವನ್ನು ಹೇಳಲಿಲ್ಲ, ಬಾಲವನ್ನು ಹೇಳಲಿಲ್ಲ, ಅದರ ಮನೆಯನ್ನು ಹೇಳಿದ. ಬಿಲವಿಲ್ಲದೆ ಅದು ಅದಲ್ಲವೆಂಬುದು ಅವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಜೋಳದ ಕೊಯ್ಲಾದ ಹೊಲದಲ್ಲಿ ಅಂಥ ಬಿಲವೊಂದಕ್ಕೆ ನಾನು ಕೋಲು ತೂರಿಸುತ್ತಿದ್ದಾಗ ನಮ್ಮಪ್ಪ ಕೈ ಹಿಡಿದು ಎಳೆದಿದ್ದರು. “ಅದರ ಮನೆಯೊಳಗ ನಿನಗೇನು ಕೆಲಸ?” ಎಂದಿದ್ದರು. ಬೆಳೆ ತಿನ್ನುವ ಪ್ರಾಣಿಯೆಂದು ಅದನ್ನು ಬೈಯುತ್ತಿದ್ದವರೂ ಅವರೇ. ಬೈಗುಳ ಬೇರೆ, ಮನೆಯ ಮರ್ಯಾದೆ ಬೇರೆ.

ಆ ಹೊಲದ ಇಲಿಯನ್ನು ಹಿಡಿದು ತಂದು ಸಾಕಬೇಡಿ. ಅದು ಕಾಡಿನ ಜೀವ. ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಇಲ್ಲಿಯೋ ಹೊರದೇಶದಲ್ಲಿಯೋ ಇಂಥ ಸಾಕುಪ್ರಾಣಿಯನ್ನು ಬೇಡಿದರೆ, ಪಂಜರ ಎಷ್ಟು ಚೆಂದ, ಬೆಲೆ ಎಷ್ಟು ಎಂದು ಕೇಳುವ ಮೊದಲು ಬೇರೊಂದು ಪ್ರಶ್ನೆ ಕೇಳಿ: ಬೆದರಿದಾಗ ಇದು ಎಲ್ಲಿಗೆ ಓಡಿಹೋಗುತ್ತದೆ? ಹಕ್ಕಿಗಾದರೂ ಮೊಲಕ್ಕಾದರೂ ಇದೇ ಪ್ರಶ್ನೆ. ಉತ್ತರ ಸಿಕ್ಕಿದರೆ ಅದಕ್ಕೆ ತಕ್ಕ ಮನೆಯನ್ನು ಮಾಡಿ. ಉತ್ತರ ಸಿಗದಿದ್ದರೆ ಪ್ರಾಣಿಯನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ. ಮಗು ಒಂದು ದಿನ ಅತ್ತೀತು; ಅದರ ಅಳು ನಿಮಗೆ ಕೇಳಿಸುತ್ತದೆ, ನೀವು ಸಮಾಧಾನ ಹೇಳಬಲ್ಲಿರಿ. ಇನ್ನೊಂದರ ಅಳು ಕರಕರ ಎಂಬ ಸದ್ದಾಗಿ ಕೇಳುತ್ತದೆ, ಅದನ್ನು ನಾವು ಆಟವೆಂದು ತಿಳಿಯುತ್ತೇವೆ.